ಮೂರು ವರ್ಷದ ಕೈ, ಆರು ಮೂಲೆಯ ಹಿಮ

ಪ್ರಶ್ನೆ: ನನಗೆ ಇಬ್ಬರು ಮಕ್ಕಳು. ಮಗಳಿಗೆ ಆರು ವರ್ಷ, ಮಗನಿಗೆ ಮೂರೂವರೆ. ಚಳಿಗಾಲದ ಅಲಂಕಾರ ಮಾಡೋಣ ಅಂತ ವಿಡಿಯೊ ನೋಡಿಕೊಂಡು ಕಾಗದದ ಸ್ನೋಫ್ಲೇಕ್, ಅಂದರೆ ಹಿಮದ ಹರಳು, ಶುರು ಮಾಡಿದೆವು. ಮನೆಯಲ್ಲಿದ್ದ ಪ್ರಿಂಟರ್ ಹಾಳೆಯನ್ನೇ ಇಬ್ಬರಿಗೂ ಕೊಟ್ಟೆ. ಮಗನ ಕತ್ತರಿ ಕಾಗದವನ್ನು ಕತ್ತರಿಸಲೇ ಇಲ್ಲ. ಅಲಗುಗಳ ಮಧ್ಯೆ ಕಾಗದ ಮಡಚಿಕೊಂಡು ಸಿಕ್ಕಿಹಾಕಿಕೊಳ್ಳುತ್ತಿತ್ತು. ಅವನು ಹೆಚ್ಚಾಗಿ ಎಡಗೈ ಬಳಸುತ್ತಾನೆ. ಮಗಳದ್ದು ಬಿಡಿಸಿದರೆ ನಾಲ್ಕು ತುಂಡಾಗಿ ಬಿತ್ತು. ಮತ್ತೆ ಮಾಡಿದರೆ ನಾಲ್ಕೇ ಮೂಲೆ ಬಂತು, ಆರು ಬರಲಿಲ್ಲ. ಇಬ್ಬರೂ ಅತ್ತರು. ಕೊನೆಗೆ ನಾನೇ ಕೂತು ಎಲ್ಲ ಮಾಡಿ ಮುಗಿಸಿದೆ. ಇಷ್ಟು ಚಿಕ್ಕ ಮಕ್ಕಳಿಂದ ಆಗುವಂಥದ್ದು ಏನಿದೆ? ಮಾಡಿದ್ದನ್ನೆಲ್ಲ ಆಮೇಲೆ ಎಲ್ಲಿ ಇಡಲಿ?

ಉತ್ತರ: ಇಬ್ಬರಿಗೂ ಒಂದೇ ಹಾಳೆ ಕೊಟ್ಟೆ ಅಂದಿರಲ್ಲ, ಎಡವಟ್ಟಾಗಿದ್ದು ಅಲ್ಲೇ. ಚಿಕ್ಕ ಮಕ್ಕಳ ಜೊತೆ ಕಾಗದದ ಕೆಲಸ ಮಾಡಿಸುತ್ತ ನನಗೆ ಬಹಳ ವರ್ಷ ಆಯಿತು. ಮಗು ಅತ್ತಾಗ ನಾನು ಮೊದಲು ನೋಡುವುದು ಅದರ ಕೈಯಲ್ಲಿರುವ ಕಾಗದವನ್ನು. ನಿಮ್ಮ ಮಗನಿಗೆ ಆ ಹಾಳೆ ಜಾಸ್ತಿ ತೆಳು. ಮಗಳಿಗೆ ಅದೇ ಹಾಳೆ ಜಾಸ್ತಿ ದಪ್ಪ. ಇದು ವಿಚಿತ್ರ ಅನಿಸಬಹುದು. ಮಗನಿಂದ ಶುರು ಮಾಡಿ ವಿವರಿಸುತ್ತೇನೆ.

ದೊಡ್ಡವರಿಗೆ ತೆಳು ಕಾಗದ ಕತ್ತರಿಸುವುದು ಸುಲಭ. ಈಗಷ್ಟೇ ಕತ್ತರಿ ಹಿಡಿದ ಮಗುವಿಗೆ ಹಾಗಲ್ಲ. ತೆಳು ಹಾಳೆ ಬಾಗುತ್ತದೆ, ಜಾರುತ್ತದೆ. ಇನ್ನೊಂದು ಕೈ ಅದನ್ನು ಬಿಗಿಯಾಗಿ ಹಿಡಿದಿರಬೇಕು, ಆ ಕೈಗೆ ಇನ್ನೂ ಅಷ್ಟು ಬುದ್ಧಿ ಬಂದಿರುವುದಿಲ್ಲ. ಅದೇ ಗ್ರೀಟಿಂಗ್ ಕಾರ್ಡಿನಷ್ಟು ದಪ್ಪದ ಹಾಳೆ ಕೊಟ್ಟು ನೋಡಿ. ಅದು ತಾನೇ ನೆಟ್ಟಗೆ ನಿಲ್ಲುತ್ತದೆ, ಕಚ್ ಅಂತ ಸದ್ದು ಮಾಡಿ ತುಂಡಾಗುತ್ತದೆ. ಆ ಸದ್ದು ಕೇಳಿದ ಮಗು ಮತ್ತೆ ಬಿಡುವುದಿಲ್ಲ.

ಇನ್ನು ಎಡಗೈ ವಿಷಯ. ಸಾಮಾನ್ಯ ಕತ್ತರಿ ಬಲಗೈಯವರಿಗೆ ಅಂತಲೇ ಮಾಡಿದ್ದು. ಬಲಗೈಯಲ್ಲಿ ಅದನ್ನು ಅಮುಕುವಾಗ, ನಮಗೆ ಗೊತ್ತಾಗದ ಹಾಗೆ ಹೆಬ್ಬೆರಳೂ ಉಳಿದ ಬೆರಳುಗಳೂ ಎರಡು ಅಲಗುಗಳನ್ನು ಒಂದಕ್ಕೊಂದು ಒತ್ತುತ್ತಿರುತ್ತವೆ. ಅದೇ ಕತ್ತರಿ ಎಡಗೈಗೆ ಬಂದರೆ ಆ ಒತ್ತು ಉಲ್ಟಾ ಆಗುತ್ತದೆ. ಅಲಗುಗಳ ನಡುವೆ ಸಂದಿ ಬಿಡುತ್ತದೆ, ಕಾಗದ ಆ ಸಂದಿಯಲ್ಲಿ ಮಡಚಿಕೊಳ್ಳುತ್ತದೆ. ನೀವು ಬರೆದದ್ದು ಇದನ್ನೇ. ‘ಎರಡೂ ಕೈಗೆ ಆಗುತ್ತದೆ’ ಅಂತ ಮಾರುವ ಕತ್ತರಿಗಳಲ್ಲಿ ಬಹುತೇಕ ಹಿಡಿಕೆ ಮಾತ್ರ ಎರಡೂ ಕಡೆ ಒಂದೇ ಥರ ಇರುತ್ತದೆ, ಅಲಗು ಬಲಗೈಯದ್ದೇ. ಕೊಳ್ಳುವಾಗ ತುದಿ ನಿಮ್ಮಿಂದ ಆಚೆ ಇರುವಂತೆ ಹಿಡಿದು ಬಾಯಿ ತೆರೆಯಿರಿ. ಮೇಲಿನ ಅಲಗು ಎಡಗಡೆ ಇದ್ದರೆ ಅದು ನಿಜವಾದ ಎಡಗೈ ಕತ್ತರಿ. ತುದಿ ಮೊಂಡಾಗಿರಲಿ, ಆದರೆ ಅಲಗು ಮೊಂಡಾಗಿರಬಾರದು. ಕಾಗದ ಕತ್ತರಿಸದ ‘ಸೇಫ್’ ಕತ್ತರಿ ಮಗುವಿನ ತಾಳ್ಮೆಯನ್ನಷ್ಟೇ ಕತ್ತರಿಸುತ್ತದೆ. ಮೂರೂವರೆಗೆ ಯಾವ ಕೈ ಅನ್ನುವುದು ಎಲ್ಲ ಮಕ್ಕಳಲ್ಲೂ ಗಟ್ಟಿಯಾಗಿರುವುದಿಲ್ಲ. ಆದ್ದರಿಂದ ಮನೆಯಲ್ಲಿ ಎರಡು ಬಗೆಯ ಕತ್ತರಿಯೂ ಇರಲಿ, ಯಾವುದು ಅಂತ ಅವನೇ ಆರಿಸಿಕೊಳ್ಳಲಿ. ಕೈ ಬದಲಿಸು ಅಂತ ಮಾತ್ರ ಹೇಳಬೇಡಿ.

ಕತ್ತರಿ ಬರುವ ತನಕ ಏನು ಮಾಡುವುದು? ಹರಿಯುವುದು. ನನ್ನ ಪ್ರಕಾರ ಮೂರರಿಂದ ನಾಲ್ಕು ವರ್ಷದವರಿಗೆ ಇದಕ್ಕಿಂತ ಒಳ್ಳೆಯ ಕಾಗದದ ಕೆಲಸ ಇಲ್ಲ. ಎರಡೂ ಕೈ ಬೇಕು, ಎರಡೂ ಬೇರೆ ಬೇರೆ ದಿಕ್ಕಿಗೆ ಎಳೆಯಬೇಕು, ಹೆಬ್ಬೆರಳು ಮತ್ತು ತೋರುಬೆರಳು ಬಿಗಿ ಹಿಡಿಯಬೇಕು. ಮುಂದೆ ಕತ್ತರಿ ಹಿಡಿಯುವಾಗ ಬೇಕಾಗುವುದೂ ಇದೇ. ಮತ್ತೆ, ಹರಿದ ಅಂಚು ಯಾವತ್ತೂ ತಪ್ಪು ಅನಿಸುವುದಿಲ್ಲ. ಹಿಮದ ಗುಡ್ಡದ ಅಂಚು ನೇರವಾಗಿರುತ್ತದೆಯೇ?

ಒಂದು ಕಡೆ ಮಾತ್ರ ನೀಲಿ ಬಣ್ಣ ಇರುವ, ಒಳಗೆ ಬಿಳಿಯಾಗಿರುವ ಹಾಳೆ ತೆಗೆದುಕೊಳ್ಳಿ. ಹಳೆ ಮ್ಯಾಗಜೀನಿನ ನೀಲಿ ಪುಟವೂ ಆಗುತ್ತದೆ. ಬಣ್ಣದ ಬದಿ ಮೇಲಿಟ್ಟು ನಿಧಾನಕ್ಕೆ ಹರಿದರೆ, ಎರಡು ತುಂಡಿನಲ್ಲಿ ಒಂದಕ್ಕೆ ಅಂಚಿನುದ್ದಕ್ಕೂ ಬಿಳಿ ಗೆರೆ ಬರುತ್ತದೆ. ಗುಡ್ಡದ ನೆತ್ತಿಯ ಮೇಲೆ ಹಿಮ ಕೂತ ಹಾಗೆ. ಯಾವ ತುಂಡಿಗೆ ಬರುತ್ತದೆ, ಕೈಯನ್ನು ತನ್ನ ಕಡೆಗೆ ಎಳೆದಾಗಲೋ ಆಚೆಗೆ ತಳ್ಳಿದಾಗಲೋ ಅನ್ನುವುದನ್ನು ಮಗನೇ ಕಂಡುಹಿಡಿಯಲಿ. ನೀವು ಸುಮ್ನೆ ಇರಿ. ಅಂಥ ನಾಲ್ಕೈದು ತುಂಡುಗಳನ್ನು ತಿಳಿ ನೀಲಿ ಮೇಲೆ, ಕಡು ನೀಲಿ ಕೆಳಗೆ ಬರುವಂತೆ ಒಂದರ ಮೇಲೊಂದು ಅಂಟಿಸಿದರೆ ಗುಡ್ಡದ ಹಿಂದೆ ಗುಡ್ಡ ಕಾಣುತ್ತದೆ. ಎಲ್ಲಕ್ಕಿಂತ ಮೇಲಿನ ತುಂಡನ್ನು ಮೊದಲು ಅಂಟಿಸಿ ಕೆಳಗೆ ಇಳಿಯುತ್ತ ಬರಬೇಕು, ಅಷ್ಟೇ.

ಇಲ್ಲಿ ಕಾಗದದ ಒಂದು ಗುಟ್ಟು ಗೊತ್ತಿರಲಿ. ಕಾಗದ ಯಂತ್ರದಲ್ಲಿ ಓಡುತ್ತ ತಯಾರಾಗುವಾಗ ಅದರ ನಾರುಗಳು ಹೆಚ್ಚಾಗಿ ಓಟದ ದಿಕ್ಕಿಗೇ ಮಲಗುತ್ತವೆ. ಆ ದಿಕ್ಕಿಗೆ ಹರಿದರೆ ಸೀಳು ನೇರ ಹೋಗುತ್ತದೆ. ಅಡ್ಡಕ್ಕೆ ಹರಿದರೆ ಸೊಟ್ಟ ಹೋಗುತ್ತದೆ. ದಿನಪತ್ರಿಕೆಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ, ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಹರಿದು ನೋಡಿ. ಮರದ ಕಾಂಡಕ್ಕೆ ಉದ್ದ ಪಟ್ಟಿ ಬೇಕಿದ್ದರೆ ನಾರಿನ ದಿಕ್ಕಿಗೆ ಹರಿಯಲು ಕೊಡಿ. ಗುಡ್ಡ ಬೇಕಿದ್ದರೆ ಅಡ್ಡಕ್ಕೆ. ಮಗು ‘ನನಗೆ ನೇರ ಬರ್ತಿಲ್ಲ’ ಅಂತ ಗೊಣಗಿದರೆ ಹಾಳೆಯನ್ನು ಸುಮ್ಮನೆ ಕಾಲು ಸುತ್ತು ತಿರುಗಿಸಿ ಕೊಡಿ. ಜಾದೂ ಥರ ಕೆಲಸ ಮಾಡುತ್ತದೆ.

ಸರಿಯಾದ ಕತ್ತರಿ ಬಂದ ಮೇಲೆ ದಪ್ಪ ಬಿಳಿ ಹಾಳೆಯನ್ನು ಎರಡು ಸೆಂಟಿಮೀಟರ್ ಅಗಲದ ಪಟ್ಟಿಗಳಾಗಿ ನೀವು ಕತ್ತರಿಸಿ ಕೊಡಿ. ಅಷ್ಟು ಅಗಲವನ್ನು ಮಗು ಒಂದೇ ಸಲ ಅಮುಕಿ ತುಂಡು ಮಾಡಬಹುದು. ಗೆರೆ ಹಿಡಿದು ಮುಂದೆ ಹೋಗುವುದು, ಬಾಯಿ ಮುಚ್ಚುವ ಮೊದಲೇ ಮತ್ತೆ ತೆರೆಯುವುದು, ಇದೆಲ್ಲ ಆಮೇಲಿನ ಪಾಠ. ಸಾಮಾನ್ಯವಾಗಿ ಮೂರರ ಆಸುಪಾಸಿನಲ್ಲಿ ಹೀಗೆ ಒಂದೊಂದೇ ತುಂಡು ಬರುತ್ತದೆ, ನಾಲ್ಕರ ಹೊತ್ತಿಗೆ ನೇರ ಗೆರೆ, ಐದರ ಹೊತ್ತಿಗೆ ವೃತ್ತ. ಒಂದು ವರ್ಷ ಹಿಂದೆ ಮುಂದೆ ಆಗಬಹುದು, ಅದಕ್ಕೆ ತಲೆಬಿಸಿ ಬೇಡ. ಹೆಬ್ಬೆರಳು ಮೇಲಿರಲಿ, ಮೊಣಕೈ ಪಕ್ಕೆಗೆ ಹತ್ತಿರ ಇರಲಿ. ಮೊಣಕೈ ರೆಕ್ಕೆ ಥರ ಮೇಲೆದ್ದಿತು ಅಂದರೆ ಕತ್ತರಿ ಅಡ್ಡ ತಿರುಗಿದೆ ಅಂತ ಅರ್ಥ. ಉದುರಿದ ಚೂರುಗಳೇ ಹಿಮ. ಒಂದು ರಟ್ಟಿನ ಡಬ್ಬಿಯಲ್ಲಿ ತುಂಬಿಡಿ.

ಆ ಚೂರು ಬೀಳುವುದಕ್ಕೆ ಒಂದು ಮರ ಬೇಕಲ್ವಾ? ಎಲೆ ಉದುರಿದ ಬೋಳು ಮರ. ಪಾರ್ಸೆಲ್ ಸುತ್ತುವ ಕಂದು ಕಾಗದವನ್ನು ಚೆನ್ನಾಗಿ ಮುದುಡಿ, ಬಿಡಿಸಿ, ಮತ್ತೆ ಮುದುಡಿದರೆ ಬಟ್ಟೆಯ ಹಾಗೆ ಮೆತ್ತಗಾಗುತ್ತದೆ. ಆಮೇಲೆ ಅದರ ಮೇಲಿನ ಅರ್ಧವನ್ನು ಆರೇಳು ಪಟ್ಟಿಯಾಗಿ ಹರಿಯಿರಿ. ಕೆಳಗಿನ ಅರ್ಧವನ್ನು ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿದರೆ ಕಾಂಡ, ಮೇಲಿನ ಒಂದೊಂದು ಪಟ್ಟಿಯನ್ನೂ ತಿರುಚಿದರೆ ಕೊಂಬೆ. ತಿರುಚುವ ಕೆಲಸ ಅಂದರೆ ಮಕ್ಕಳಿಗೆ ಎಲ್ಲಿಲ್ಲದ ಹುರುಪು. ಇಬ್ಬರೂ ಒಟ್ಟಿಗೆ ಮಾಡಬಹುದಾದ ಕೆಲಸ ಇದು. ಮಗಳು ಕೊಂಬೆ ಮಾಡಲಿ, ಮಗ ಕಾಂಡ ಹಿಂಡಲಿ. ಹಿಮ ಬೀಳದ ಕಡೆ ಬೆಳೆಯುವ ಮಕ್ಕಳಿಗೂ ಈ ಮರ ಅರ್ಥವಾಗುತ್ತದೆ.

ಈಗ ಮಗಳ ಸ್ನೋಫ್ಲೇಕ್. ಅವಳ ಎರಡೂ ತಪ್ಪಿಗೆ ಕಾರಣ ಸ್ಪಷ್ಟವಾಗಿದೆ. ಹಾಳೆಯನ್ನು ಅರ್ಧ, ಮತ್ತೆ ಅರ್ಧ ಮಡಚಿದರೆ ನಾಲ್ಕು ಪಾಲು. ಇನ್ನೊಮ್ಮೆ ಅರ್ಧ ಮಾಡಿದರೆ ಎಂಟು. ಅರ್ಧ ಮಾಡುತ್ತಲೇ ಹೋದರೆ ಆರು ಬರುವುದೇ ಇಲ್ಲ. ಎಲ್ಲೋ ಒಂದು ಕಡೆ ಮೂರು ಪಾಲು ಮಾಡಲೇಬೇಕು. ಇನ್ನು ತುಂಡಾಗಿ ಬಿದ್ದದ್ದು: ನಾಲ್ಕು ಪದರದ ಮಡಿಕೆಗೆ ಒಂದು ಮೂಲೆ ಹಾಳೆಯ ನಡು, ಅದರ ಎದುರಿನ ಮೂಲೆ ಬಿಚ್ಚಿದ ಅಂಚು. ಮಗು ಬಿಚ್ಚಿದ ಮೂಲೆಯನ್ನೇ ನಡು ಅಂದುಕೊಂಡು ಅದರ ಸುತ್ತ ಕಮಾನು ಕತ್ತರಿಸಿದರೆ ನಾಲ್ಕು ತುಂಡು ಬೀಳುತ್ತದೆ. ಮಡಿಕೆಯ ಅಂಚನ್ನು ಈ ತುದಿಯಿಂದ ಆ ತುದಿವರೆಗೆ ಪೂರ್ತಿ ಕತ್ತರಿಸಿದರೂ ಅದೇ ಕಥೆ. ಇದು ದೊಡ್ಡವರಿಗೂ ಆಗುತ್ತದೆ. ನನಗೆ ಒಮ್ಮೆ ಒಂದು ಕೋಣೆ ತುಂಬ ಮಕ್ಕಳ ಎದುರಿಗೇ ಆಗಿದೆ. ‘ನೋಡಿ ಈಗ’ ಅಂತ ಬಿಡಿಸಿದೆ, ನಾಲ್ಕು ಎಲೆ ನೆಲಕ್ಕೆ ಬಿದ್ದವು. ಆವತ್ತು ಅವರು ನಕ್ಕಷ್ಟು ಮತ್ತೆಂದೂ ನಕ್ಕಿಲ್ಲ.

ಆರು ವರ್ಷದವರಿಗೆ ನಾನು ಮಾಡಿಸುವ ರೀತಿ ಹೇಳುತ್ತೇನೆ. ಚೌಕ ಬೇಡ, ವೃತ್ತದಿಂದ ಶುರು ಮಾಡಿ. ತಟ್ಟೆ ಬೋರಲು ಹಾಕಿ ಸುತ್ತ ಪೆನ್ಸಿಲ್ ಎಳೆದು, 18–20 ಸೆಂಟಿಮೀಟರ್ ಅಗಲದ ವೃತ್ತ ಕತ್ತರಿಸಿ. ಕಾಗದ ತೆಳುವಾಗಿರಬೇಕು. ಪ್ರಿಂಟರ್ ಹಾಳೆ ಸಾಮಾನ್ಯವಾಗಿ 70ರಿಂದ 80 ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಹಾಳೆ ಅಷ್ಟು ಗ್ರಾಂ ತೂಗುತ್ತದೆ. ಅದು ಒಂದು ಪದರವಾದರೆ ಸುಮಾರು 0.1 ಮಿಲಿಮೀಟರ್ ದಪ್ಪ. ವಿಡಿಯೊಗಳಲ್ಲಿ ಮಾಡುವ ಹಾಗೆ 12 ಪದರ ಮಡಚಿದರೆ ಒಂದು ಮಿಲಿಮೀಟರಿಗಿಂತ ಜಾಸ್ತಿ ಆಯಿತು, ಜೊತೆಗೆ ಮಡಿಕೆಗಳ ಉಬ್ಬು. ಆರು ವರ್ಷದ ಬೆರಳಿಗೆ ಅದು ರಟ್ಟು ಕತ್ತರಿಸಿದ ಹಾಗೆ. ಮಗಳಿಗೆ ಆ ಹಾಳೆ ದಪ್ಪ ಅಂದದ್ದು ಇದಕ್ಕೇ. ಮಡಚಿ ಆಕಾರ ಮಾಡಲು ಬಳಸುವ ತೆಳು ಒರಿಗಾಮಿ ಕಾಗದವೋ ತೆಳು ನೋಟ್‌ಬುಕ್ ಹಾಳೆಯೋ ಸಾಕು. ಅಭ್ಯಾಸಕ್ಕೆ ದಿನಪತ್ರಿಕೆಗಿಂತ ಒಳ್ಳೆಯದಿಲ್ಲ.

ವೃತ್ತವನ್ನು ಅರ್ಧಕ್ಕೆ ಮಡಚಿ. ಅರ್ಧಚಂದ್ರ ಸಿಕ್ಕಿತು. ಅದರ ನೇರ ಅಂಚಿನ ನಡುವಿಗೆ ಒಂದು ಚುಕ್ಕೆ ಇಡಿ. ಆ ಚುಕ್ಕೆಯಿಂದ ಬಲಭಾಗವನ್ನು ಎತ್ತಿ ಮೇಲೆ ತನ್ನಿ, ಎಡಭಾಗವನ್ನು ಅದರ ಮೇಲೆ ತನ್ನಿ, ಕೋನ್ ಐಸ್‌ಕ್ರೀಮಿನ ಆಕಾರ ಬರುವ ಹಾಗೆ. ತಕ್ಷಣ ಒತ್ತಬೇಡಿ. ಮೊದಲು ಎರಡೂ ಬದಿಯ ಅಂಚುಗಳು ಸರಿಯಾಗಿ ಕೂತಿವೆಯಾ ನೋಡಿ, ಆಚೀಚೆ ಸ್ವಲ್ಪ ಸರಿಸಿ, ಆಮೇಲೆ ಉಗುರಿನಿಂದ ಒತ್ತಿ. ಅಂಚುಗಳು ಕೂತವು ಅಂದರೆ ಮೂರು ಪಾಲೂ ಸಮ ಅಂತಲೇ. ಈ ಮಡಿಕೆ ಮಾತ್ರ ಮೊದಮೊದಲು ನೀವು ಮಾಡಿಕೊಡಿ. ನಾಲ್ಕನೇ ಸಲಕ್ಕೆ ಅವಳೇ ಕಸಿದುಕೊಳ್ಳುತ್ತಾಳೆ.

ಈಗ ಕೈಯಲ್ಲಿರುವುದು ಆರೇ ಪದರ. ಚೂಪು ತುದಿ ನಡು, ಅದನ್ನು ಅವಳು ಬೆರಳಲ್ಲಿ ಹಿಡಿದಿರಲಿ. ಹಿಡಿದ ಜಾಗ ಕತ್ತರಿಗೆ ಸಿಗುವುದಿಲ್ಲ, ಆದ್ದರಿಂದ ತುಂಡಾಗುವ ಭಯ ಇಲ್ಲ. ಬದಿಯ ಮಡಿಕೆಯಿಂದ ಒಳಗೆ ಪುಟ್ಟ ತ್ರಿಕೋನ, ಅರ್ಧ ಹೃದಯ, ಚೌಕ, ಏನು ಬೇಕಾದರೂ ಕಚ್ಚಲಿ. ಎರಡು ಕಚ್ಚುಗಳ ನಡುವೆ ಒಂದು ಬೆರಳಗಲ ಮಡಿಕೆ ಉಳಿಯಬೇಕು. ಎಡದಿಂದ ಬಂದದ್ದೂ ಬಲದಿಂದ ಬಂದದ್ದೂ ಮಧ್ಯದಲ್ಲಿ ಸೇರಬಾರದು. ಒಂದೇ ಬದಿಯಲ್ಲಿ ಕಚ್ಚಿದರೆ ಆ ಆಕಾರ ಮೂರು ಕಡೆ ಬರುತ್ತದೆ, ಎರಡೂ ಬದಿಯಲ್ಲಿ ಒಂದೇ ಥರ ಕಚ್ಚಿದರೆ ಆರೂ ಕಡೆ. ಇದನ್ನು ಮೊದಲೇ ಹೇಳಬೇಡಿ. ‘ಇದ್ಯಾಕೆ ಮೂರೇ ಇದೆ?’ ಅಂತ ಅವಳೇ ಕೇಳುತ್ತಾಳೆ.

ಬಿಡಿಸುವಾಗ ನಿಧಾನ. ಅವಸರದಲ್ಲಿ ಎಳೆದು ಹರಿದುಕೊಂಡವರೇ ಜಾಸ್ತಿ.

ಆರೇ ಯಾಕೆ ಅಂತಲೂ ಆರು ವರ್ಷದವರು ಕೇಳುತ್ತಾರೆ. ಉತ್ತರ ಚಿಕ್ಕದು. ನೀರು ಹೆಪ್ಪುಗಟ್ಟುವಾಗ ಅದರ ಅಣುಗಳು ಆರು ಮೂಲೆಯ ಜಾಲದ ಹಾಗೆ ಕೂರುತ್ತವೆ. ಹರಳು ಬೆಳೆದಾಗ ಅದೇ ಆರು ಕಣ್ಣಿಗೆ ಕಾಣುತ್ತದೆ. ಎಂಟು ಕೈಯ ಹಿಮದ ಹರಳನ್ನು ಬರೆಯುವವರು ಬಹಳ ಇದ್ದಾರೆ, ಆದರೆ ಅದು ಆಕಾಶದಿಂದ ಬೀಳುವುದಿಲ್ಲ. ಗ್ರಹಗಳ ಲೆಕ್ಕ ಬರೆದ ಕೆಪ್ಲರ್ 1611ರಲ್ಲೇ ಇದರ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆದಿದ್ದ, ಐದೂ ಅಲ್ಲ ಏಳೂ ಅಲ್ಲ, ಆರೇ ಯಾಕೆ ಅಂತ. ಅಣುಗಳ ವಿಷಯ ಗೊತ್ತಿಲ್ಲದ ಕಾಲ, ಪೂರ್ತಿ ಉತ್ತರ ಅವನಿಗೆ ಸಿಗಲಿಲ್ಲ.

ಮಕ್ಕಳಿಗೆ ಇದಕ್ಕಿಂತ ಇಷ್ಟವಾಗುವುದು ವಿಲ್ಸನ್ ಬೆಂಟ್ಲಿಯ ಕಥೆ. ಅಮೆರಿಕದ ವರ್ಮಾಂಟ್‌ನ ಜೆರಿಕೊ ಎಂಬ ಊರಿನ ರೈತನ ಮಗ. ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ, ಕರಗುವ ಮೊದಲೇ ಹಿಮದ ಹರಳಿನ ಫೋಟೊ ತೆಗೆದ. ಅದು 1885ರ ಜನವರಿ, ಆಗ ಅವನಿಗೆ 19 ವರ್ಷ. ಆಮೇಲೆ ಜೀವನಪೂರ್ತಿ ತೆಗೆಯುತ್ತಲೇ ಇದ್ದ, 5,000ಕ್ಕಿಂತ ಜಾಸ್ತಿ. ಜಪಾನಿನ ವಿಜ್ಞಾನಿ ಉಕಿಚಿರೊ ನಕಾಯಾ 1936ರಲ್ಲಿ ಪ್ರಯೋಗಾಲಯದಲ್ಲೇ ಹರಳು ಬೆಳೆಸಿದರು, ಅದೂ ಮೊಲದ ಒಂದು ಕೂದಲಿನ ತುದಿಯಲ್ಲಿ. ಮೊಲದ ಕೂದಲು ಅಂದ ತಕ್ಷಣ ಮಕ್ಕಳ ಕಣ್ಣು ಅರಳುವುದನ್ನು ನೋಡಬೇಕು. ಮಗಳದ್ದು ಸೊಟ್ಟಪಟ್ಟ ಬಂದು ಮುಖ ಸಣ್ಣ ಮಾಡಿಕೊಂಡರೆ ಒಂದು ನಿಜ ಹೇಳಿ. ನಿಜವಾದ ಹಿಮದ ಹರಳುಗಳಲ್ಲೂ ಹೆಚ್ಚಿನವು ಮುರಿದವು, ಸೊಟ್ಟವು, ಒಂದು ಕೈ ಗಿಡ್ಡ ಆದವು. ಫೋಟೊಕ್ಕೆ ಆರಿಸಿಕೊಳ್ಳುವುದು ಚೆಂದದ್ದನ್ನು.

ಇನ್ನೆರಡು ಕೆಲಸ ಬೇಗ ಹೇಳಿಬಿಡುತ್ತೇನೆ. ಬಿಳಿ ಹಾಳೆಯ ಮೇಲೆ ಬಿಳಿ ಮೇಣದ ಕ್ರೆಯಾನಿನಿಂದ ಗಟ್ಟಿಯಾಗಿ ಗೀಚಲು ಹೇಳಿ, ಮೇಲೆ ನೀರಾದ ನೀಲಿ ಬಣ್ಣ ಬಳಿಯಿರಿ. ಮೇಣ ನೀರನ್ನು ಹತ್ತಿರ ಸೇರಿಸುವುದಿಲ್ಲ, ಕಾಣದೇ ಇದ್ದ ಗೆರೆ ಬೆಳ್ಳಗೆ ಎದ್ದುಬರುತ್ತದೆ. ಬಣ್ಣ ಇನ್ನೂ ಹೊಳೆಯುತ್ತಿರುವಾಗಲೇ ಚಿಟಿಕೆ ಉಪ್ಪು ಉದುರಿಸಿದರೆ, ಪ್ರತಿ ಹರಳಿನ ಸುತ್ತ ಬಣ್ಣ ಎಳೆದುಕೊಂಡು ನಕ್ಷತ್ರದ ಹಾಗೆ ಕಲೆ ಬೀಳುತ್ತದೆ. ಪೂರ್ತಿ ಒಣಗಿದ ಮೇಲೆ ಕೊಡವಿ. ಇದಕ್ಕೆ ದಪ್ಪ ಡ್ರಾಯಿಂಗ್ ಹಾಳೆಯೇ ಬೇಕು, ಪ್ರಿಂಟರ್ ಹಾಳೆ ನೀರು ಕುಡಿದು ಸುಕ್ಕಾಗುತ್ತದೆ.

ಇನ್ನೊಂದು, ಬಿಳಿ ಗೂಬೆ. ಹಾಳೆಯನ್ನು ಕೊಳವೆಯಾಗಿ ಸುತ್ತಿ ಅಂಟಿಸಿ, ಮೇಲಿನ ಅಂಚನ್ನು ಮುಂದಿನಿಂದಲೂ ಹಿಂದಿನಿಂದಲೂ ಒಳಗೆ ಒತ್ತಿದರೆ ಎರಡು ಬದಿಯಲ್ಲಿ ಕಿವಿ ಮೂಡುತ್ತವೆ. ನಿಜವಾದ ಹಿಮಗೂಬೆಗೆ ಅಂಥ ಎದ್ದುಕಾಣುವ ಕಿವಿ ಇಲ್ಲ, ಆದರೆ ಯಾವ ಮಗುವೂ ಕಿವಿ ಬೇಡ ಅನ್ನುವುದಿಲ್ಲ. ಮೈಮೇಲೆ ಬೆರಳಿನಿಂದ ಕಂದು ಚುಕ್ಕೆ ಇಡುವುದು ಮಗನ ಪಾಲು. ಹಾಂ, ಪೆಂಗ್ವಿನ್ನನ್ನೂ ಹಿಮಕರಡಿಯನ್ನೂ ಒಂದೇ ಚಿತ್ರದಲ್ಲಿ ಅಂಟಿಸಬೇಡಿ ಅನ್ನುವುದು ನನ್ನ ಹಳೆಯ ಹಠ. ಒಂದು ಭೂಮಿಯ ದಕ್ಷಿಣದ್ದು, ಇನ್ನೊಂದು ಉತ್ತರದ್ದು.

ಅಂಟಿನ ವಿಷಯದಲ್ಲಿ ಒಂದೇ ಸಲಹೆ. ಚೂರಿಗೆ ಅಂಟು ಹಚ್ಚಬೇಡಿ, ಕೆಳಗಿನ ಹಾಳೆಗೆ ಹಚ್ಚಿ, ಚೂರನ್ನು ಅದರ ಮೇಲೆ ಇಡಲು ಹೇಳಿ. ಇಲ್ಲದಿದ್ದರೆ ಹಿಮ ಎಲ್ಲ ಬೆರಳಿಗೇ ಅಂಟುತ್ತದೆ. ಬಿಳಿ ಅಂಟು ಜಾಸ್ತಿ ಆದರೆ ಅದರ ನೀರಿಗೆ ಕಾಗದ ಉಬ್ಬಿ ಸುಕ್ಕಾಗುತ್ತದೆ, ಹಾಗಾಗಿ ಬಾಟಲಿ ಮಗನ ಕೈಗೆ ಬೇಡ. ಒಂದು ಮುಚ್ಚಳದಲ್ಲಿ ಸ್ವಲ್ಪ ಸುರಿದು ಕಿವಿಗೆ ಹಾಕುವ ಹತ್ತಿಕಡ್ಡಿ ಕೊಡಿ. ಮಿನುಗು ಪುಡಿ, ಗುಂಡಿ, ಅಂಟಿಸುವ ಪುಟ್ಟ ಕಣ್ಣು ಇವು ಬೇಡವೇ ಬೇಡ ಅನ್ನುತ್ತೇನೆ. ಮೂರು ವರ್ಷದೊಳಗಿನವರ ಆಟಿಕೆ ಪರೀಕ್ಷಿಸಲು ಸುಮಾರು 32 ಮಿಲಿಮೀಟರ್ ಅಗಲದ ಒಂದು ಕೊಳವೆ ಬಳಸುತ್ತಾರೆ. ಅದರೊಳಗೆ ಪೂರ್ತಿ ಇಳಿಯುವ ವಸ್ತು ಗಂಟಲಿಗೆ ಸಿಕ್ಕಿಕೊಳ್ಳಬಹುದು ಅಂತ ಲೆಕ್ಕ. ನಿಮ್ಮ ಮಗ ಮೂರು ದಾಟಿದ್ದಾನೆ ನಿಜ. ಆದರೆ ಎಲ್ಲವನ್ನೂ ಬಾಯಿಗೆ ಹಾಕುವ ಅಭ್ಯಾಸ ಇದ್ದರೆ ಕಣ್ಣನ್ನು ಪೆನ್ನಿನಲ್ಲೇ ಬರೆಯಿರಿ.

‘ನಾನೇ ಕೂತು ಮುಗಿಸಿದೆ’ ಅಂದಿರಲ್ಲ, ಅದಕ್ಕೂ ಒಂದು ಮಾತು. ನೀವು ಮಾಡಿದ ಚೆಂದದ ಮಾದರಿಯನ್ನು ಮೊದಲೇ ಮೇಜಿನ ಮೇಲೆ ಇಡಬೇಡಿ. ನಾನು ಮೊದಮೊದಲು ಇಡುತ್ತಿದ್ದೆ. ಮಕ್ಕಳು ಅದನ್ನು ನೋಡಿ, ತಮ್ಮದನ್ನು ನೋಡಿ, ‘ನೀವೇ ಮಾಡ್ಕೊಡಿ’ ಅನ್ನುತ್ತಿದ್ದರು. ಈಗ ಅವರ ಪಕ್ಕ ಕೂತು ನಾನೂ ನನ್ನದೊಂದು ಮಾಡುತ್ತೇನೆ, ನಿಧಾನವಾಗಿ, ಅರ್ಧಕ್ಕೆ ನಿಲ್ಲಿಸುತ್ತ. ಹತ್ತು ಹದಿನೈದು ನಿಮಿಷಕ್ಕೆ ಮಗ ಎದ್ದು ಹೋದರೆ ಹೋಗಲಿ. ಅರ್ಧ ಹರಿದ ಗುಡ್ಡ ನಾಳೆಗೂ ಅಲ್ಲೇ ಇರುತ್ತದೆ.

ಕೊನೆಯದಾಗಿ, ಎಲ್ಲಿ ಇಡುವುದು. ಮಗಳ ಹರಳುಗಳನ್ನು ಮಡಿಕೆ ಬಿಡುವ ತನಕ ಒಂದು ರಾತ್ರಿ ದಪ್ಪ ಪುಸ್ತಕದ ಕೆಳಗೆ ಇಡಿ. ಮರುದಿನ ಕಿಟಕಿ ಗಾಜಿಗೆ ನಾಲ್ಕು ಪುಟ್ಟ ಚುಕ್ಕೆ ಗ್ಲೂ ಸ್ಟಿಕ್ಕಿನಿಂದ ಅಂಟಿಸಿ, ಬೇಡವಾದಾಗ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಗಾಜು ಶುಭ್ರ. ಬಿಳಿ ಗೋಡೆ ಮೇಲೆ ಹಾಕಬೇಡಿ, ಕಾಣುವುದೇ ಇಲ್ಲ. ಪ್ರತಿಯೊಬ್ಬರದ್ದು ಎರಡೆರಡು ಆರಿಸಿ, ಹಿಂದೆ ಪೆನ್ಸಿಲಿನಲ್ಲಿ ಹೆಸರು, ತಾರೀಖು ಬರೆದು ಫೈಲಿನಲ್ಲಿಡಿ. ಯಾವ ಎರಡು ಅನ್ನುವುದನ್ನು ಅವರೇ ಹೇಳಲಿ. ಮಗಳು ಹರಳು ಕತ್ತರಿಸುವಾಗ ಉದುರುವ ಪುಟ್ಟ ತ್ರಿಕೋನಗಳನ್ನು ಮಾತ್ರ ಕಸಕ್ಕೆ ಹಾಕಬೇಡಿ. ಅವು ನೇರ ಮಗನ ಹಿಮದ ಡಬ್ಬಿಗೆ.